ದರಿಯಾ ದೌಲತ್: ಗಂಜಾಂ ದಾರಿಯ ತೋಟದರಮನೆ

ದರಿಯಾ ದೌಲತ್ ಬಾಗ್ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ದ್ವೀಪದಲ್ಲಿ, ಕೋಟೆಯಿಂದ ಗಂಜಾಂಗೆ ಹೋಗುವ ದಾರಿಯಲ್ಲಿ, ಕಾವೇರಿಯ ಉತ್ತರ ಕವಲಿಗೆ ಹತ್ತಿರದಲ್ಲಿರುವ ತೋಟದರಮನೆ. ಹೈದರಾಲಿ 1778ರಲ್ಲಿ ಕೆಲಸ ಶುರುಮಾಡಿಸಿದ. ಮಗ ಟಿಪ್ಪು ಸುಲ್ತಾನ್ 1784ರಲ್ಲಿ ಮುಗಿಸಿದ. ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಶದಲ್ಲಿರುವ ಈ ಕಟ್ಟಡದಲ್ಲಿ 1959ರಿಂದ ಟಿಪ್ಪು ಸುಲ್ತಾನ್ ವಸ್ತುಸಂಗ್ರಹಾಲಯ ನಡೆಯುತ್ತಿದೆ.

ಮೈಸೂರಿನ ಅಂಬಾವಿಲಾಸವನ್ನು ಕಣ್ಣಲ್ಲಿಟ್ಟುಕೊಂಡು ಬಂದವರಿಗೆ ಮೊದಲ ನೋಟಕ್ಕೆ ನಿರಾಸೆಯಾಗಬಹುದು. ಗುಮ್ಮಟವಿಲ್ಲ, ಗೋಪುರವಿಲ್ಲ. ಎತ್ತರದ ಜಗಲಿ, ಸುತ್ತಲೂ ತೇಗದ ಕಂಬಗಳ ಪಡಸಾಲೆ, ಮೇಲೆ ಉಪ್ಪರಿಗೆ. ಬಿಸಿಲಿಗೆ ಚಿತ್ರಗಳು ಮಾಸದಂತೆ ಪಡಸಾಲೆಗೆಲ್ಲ ಪರದೆ ಇಳಿಬಿಟ್ಟಿರುವುದರಿಂದ ಹೊರಗಿನಿಂದ ಕಟ್ಟಡದ ಮುಖವೇ ಸರಿಯಾಗಿ ಕಾಣುವುದಿಲ್ಲ. ಪರದೆಯ ಒಳಕ್ಕೆ ಕಾಲಿಟ್ಟ ಮೇಲೆ ಮಾತೇ ಬೇರೆ: ಗೋಡೆ, ಕಂಬ, ಕಮಾನು, ಸೂರು ಎಲ್ಲೆಲ್ಲೂ ಬಣ್ಣ.

ಇದು ಟಿಪ್ಪುವಿನ ಬಾಲ್ಯದ ಮನೆಯಲ್ಲ. ಅವನು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಅಲ್ಲಿ ಕೋಟೆಯ ಬಳಿ ಕಂಬಗಳ ಒಂದು ಚಿಕ್ಕ ಮಂಟಪವೂ ಫಲಕವೂ ಆ ಜಾಗವನ್ನು ತೋರಿಸುತ್ತವೆ, ಮನೆ ಉಳಿದಿಲ್ಲ. ಹೈದರ್ ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಅಧಿಕಾರಕ್ಕೆ ಬಂದ ಮೇಲೆ ಅಪ್ಪ ಮಗ ಇಬ್ಬರೂ ಶ್ರೀರಂಗಪಟ್ಟಣದಲ್ಲಿ ಬೆಳೆಸಿದ್ದು ಕೋಟೆಯನ್ನಷ್ಟೇ ಅಲ್ಲ, ತೋಟಗಳನ್ನೂ. ದ್ವೀಪದ ಪೂರ್ವದ ತುದಿಯ ಲಾಲ್‌ಬಾಗ್, ನಡುವಿನ ದರಿಯಾ ದೌಲತ್ ಎರಡೂ ಆ ಆಸೆಯ ಫಲ. ಇವುಗಳ ಮಗ್ಗುಲಿನ ಗಂಜಾಂ ಪೇಟೆಯ ಕಥೆ ಅಷ್ಟು ಸೊಗಸಿನದಲ್ಲ: ಊರನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆತರಲಾಯಿತೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ. ಇಂದು ಗಂಜಾಂ ಎಂದರೆ ಜನರಿಗೆ ನೆನಪಾಗುವುದು ನಿಮಿಷಾಂಬ ದೇವಸ್ಥಾನ. ಒಂದು ಕಾಲಕ್ಕೆ ಇಲ್ಲಿನ ಅಂಜೂರಕ್ಕೂ ದೊಡ್ಡ ಹೆಸರಿತ್ತು.

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಪಟ್ಟಣದ ಆಡಳಿತ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕೈಗೆ ಬಂತು. ಅವನು ವಾಸಕ್ಕೆ ಆರಿಸಿಕೊಂಡದ್ದು ದರಿಯಾ ದೌಲತ್ತನ್ನು. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ, 1828ರಲ್ಲಿ ಬ್ರಿಟನ್ನಿನ ಪ್ರಧಾನಿಯಾದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. 1800ರಲ್ಲಿ ಮೈಸೂರು ಸೀಮೆಯ ಸಮೀಕ್ಷೆಗೆಂದು ಬಂದ ಫ್ರಾನ್ಸಿಸ್ ಬುಕಾನನ್, ರಾಜ್ಯದ ಕೆಲಸದಿಂದ ಬಿಡುವು ಬೇಕೆನಿಸಿದಾಗ ಟಿಪ್ಪು ಇಷ್ಟಪಟ್ಟು ಬರುತ್ತಿದ್ದ ಜಾಗವಿದು ಎಂದು ಬರೆದಿದ್ದಾನೆ. ಗೋಡೆಯ ಚಿತ್ರಗಳನ್ನೂ ಗಮನಿಸಿದ್ದಾನೆ. ಪ್ರವಾಸಿಯೊಬ್ಬನ ಕಣ್ಣಿಗೆ ಬಿದ್ದು ಪುಸ್ತಕ ಸೇರಿದ ದರಿಯಾ ದೌಲತ್‌ನ ಮೊದಲ ವಿವರಗಳಲ್ಲಿ ಇದೂ ಒಂದು.

ಈ ಮನೆಯ ಜೀವವಿರುವುದು ಪಶ್ಚಿಮದ ಹೊರಗೋಡೆಯಲ್ಲಿ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ದಳವೊಂದನ್ನು ನೆಲಕಚ್ಚಿಸಿದರು. ಆ ದಿನವೇ ಗೋಡೆಯ ಮೇಲಿದೆ. ಕೆಂಪಂಗಿಯ ಸಿಪಾಯಿಗಳು ಚೌಕಾಕಾರವಾಗಿ ಒತ್ತೊತ್ತಾಗಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೈಲಿ. ಮದ್ದಿನ ಬಂಡಿಯೊಂದು ಸಿಡಿಯುತ್ತಿದೆ. ಮೈಸೂರಿನ ಕುದುರೆ ದಂಡು ಎರಡೂ ಕಡೆಯಿಂದ ನುಗ್ಗುತ್ತಿದೆ. ಮೈಸೂರಿನ ಪರವಾಗಿದ್ದ ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದು ನೋಡುತ್ತಿದ್ದಾನೆ. ಮೈಸೂರಿನವರಿಗೆ ಹುರಿಮೀಸೆ, ಇಂಗ್ಲಿಷರಿಗೆ ಬೋಳು ಮುಖ. ಚಿತ್ರಕಾರ ಯಾರ ಕಡೆಯವನೆಂದು ಹೇಳಬೇಕಾಗಿಲ್ಲ. ಬೈಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ, 1782ರಲ್ಲಿ ಇಲ್ಲೇ ತೀರಿಕೊಂಡ.

ಆದರೆ ಈಗ ನಾವು ನೋಡುವುದು ಟಿಪ್ಪು ನೋಡಿದ ಬಣ್ಣವನ್ನಲ್ಲ. 1799ರ ಮುತ್ತಿಗೆಗೆ ಮೊದಲೇ ಚಿತ್ರಗಳು ಕೆಟ್ಟಿದ್ದವು. ಅಲ್ಲಿ ವಾಸವಿದ್ದ ವೆಲ್ಲೆಸ್ಲಿ ಅವನ್ನು ಮತ್ತೆ ಬರೆಸಿದ. ತನ್ನ ಕಡೆಯವರ ಸೋಲಿಗೆ ಗೆದ್ದವನೇ ಬಣ್ಣ ಹಚ್ಚಿಸಿದ್ದು ಚರಿತ್ರೆಯಲ್ಲಿ ಅಪರೂಪವೇ ಸರಿ. ಮುಂದೆ ಗೋಡೆಗೆ ಸುಣ್ಣ ಬಿತ್ತು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಪ್ರವಾಸದಲ್ಲಿ ಇಲ್ಲಿಗೆ ಬಂದಾಗ ಚಿತ್ರಗಳು ಬಹುಮಟ್ಟಿಗೆ ಅಳಿಸಿಹೋಗಿದ್ದವು. ಮೂಲವನ್ನು ನೆನಪಿಟ್ಟುಕೊಂಡಿದ್ದ ಸ್ಥಳೀಯ ಕಲಾವಿದನೊಬ್ಬನಿಂದ ಅವನ್ನು ಮತ್ತೆ ಬರೆಸಲು ಅವನು ಅಪ್ಪಣೆ ಕೊಟ್ಟ. ಅಂದರೆ ಪೊಳ್ಳಿಲೂರು ಇಂದು ನಮ್ಮೆದುರಿಗಿರುವುದು ಒಬ್ಬ ಚಿತ್ರಗಾರನ ನೆನಪಿನ ಬಲದಿಂದ. ಇದೇ ಕದನದ, ಕಾಗದದ ಮೇಲಿನ ದೊಡ್ಡ ಚಿತ್ರವೊಂದು 2022ರ ಮಾರ್ಚ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ 6.3 ಲಕ್ಷ ಪೌಂಡಿಗೆ ಮಾರಾಟವಾಯಿತು.

ದರಿಯಾ ದೌಲತ್ ಉಳಿದದ್ದಕ್ಕೆ ಅದರ ಚೆಲುವೊಂದೇ ಕಾರಣವಲ್ಲ. ಕೋಟೆಯೊಳಗೆ, ರಂಗನಾಥಸ್ವಾಮಿ ದೇವಾಲಯಕ್ಕೆ ಹತ್ತಿರದಲ್ಲೇ, ಟಿಪ್ಪುವಿನ ನಿಜವಾದ ವಾಸದ ಮನೆ ಲಾಲ್‌ಮಹಲ್ ಇತ್ತು. ಅದನ್ನು ಬ್ರಿಟಿಷರ ಕಾಲದಲ್ಲಿ ಕೆಡವಿದರು. ಟಿಪ್ಪುವಿನ ಅರಮನೆಯ ತೇಗದ ತೊಲೆಗಳು ಊಟಿಗೆ ಹೋಗಿ, 1831ರಲ್ಲಿ ಪೂಜೆಗೆ ತೆರೆದ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ಹೊತ್ತವು. ಆ ಚರ್ಚು ಇಂದಿಗೂ ನಿಂತಿದೆ. ಲಾಲ್‌ಮಹಲ್ ಇದ್ದಲ್ಲಿ ತಳಪಾಯ ಮಾತ್ರ. ಗೆದ್ದವನು ಬಂದು ವಾಸಮಾಡಿದ ಮನೆ ಬದುಕಿತು, ಬೇಡವೆನಿಸಿದ್ದು ಮರಮುಟ್ಟಾಯಿತು. ನಮ್ಮ ಕಾಲದಲ್ಲೂ ಲೆಕ್ಕಾಚಾರ ಪೂರ್ತಿ ಬದಲಾಗಿಲ್ಲವಾದರೂ ದಾರಿ ಸುಧಾರಿಸಿದೆ: ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಕೆಡವದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು.

ಆಳಿದವರು ಆಡಿ ಬೆಳೆದ ಮನೆಯನ್ನೇ ಕಾಪಾಡುವ ಪದ್ಧತಿಗೆ ಅಮೆರಿಕದಲ್ಲಿ ಒಳ್ಳೆಯ ಉದಾಹರಣೆಯಿದೆ. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನಾಲ್ಕನೆಯ ವಯಸ್ಸಿನಿಂದ ಬೆಳೆದ ಜಾರ್ಜಿಯಾದ ಹೊಲಮನೆಯನ್ನು ಅಲ್ಲಿನ ರಾಷ್ಟ್ರೀಯ ಉದ್ಯಾನ ಇಲಾಖೆ ಕೊಂಡು, ಆ ಕಾಲದಲ್ಲಿದ್ದಂತೆಯೇ ಸಜ್ಜುಗೊಳಿಸಿ 2000ದಲ್ಲಿ ಜನರಿಗೆ ತೆರೆಯಿತು. ಮಂಡ್ಯ ಜಿಲ್ಲೆಯಲ್ಲೂ ಹುಟ್ಟೂರುಗಳಿಗೆ ಕೊರತೆಯಿಲ್ಲ: ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ 1943ರಲ್ಲಿ ಬಿ.ಎಸ್. ಯಡಿಯೂರಪ್ಪ, ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1948ರಲ್ಲಿ ಜಯಲಲಿತಾ ಹುಟ್ಟಿದರು. ಆದರೆ ಮೇಲುಕೋಟೆಯಲ್ಲಿ ಸ್ಮಾರಕವಾಗಿರುವ ಮನೆ ಕವಿ ಪು.ತಿ.ನ. ಅವರದು, ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಜನ ನೋಡಬರುವ ದೊಡ್ಡ ಮನೆ ಕುವೆಂಪು ಬೆಳೆದದ್ದು. ಕನ್ನಡಿಗರು ಮನೆಯನ್ನು ಜತನ ಮಾಡುವ ವಿಷಯದಲ್ಲಿ ಮಂತ್ರಿಗಳಿಗಿಂತ ಕವಿಗಳ ಪಾಲಿಗೆ ಹೆಚ್ಚು ಉದಾರಿಗಳು. ಅದರಲ್ಲಿ ತಪ್ಪೇನೂ ಇಲ್ಲ.

ವಸ್ತುಸಂಗ್ರಹಾಲಯದ ಒಳಗೆ ನಾಣ್ಯ, ಆಯುಧಗಳ ಜೊತೆಗೆ ಥಾಮಸ್ ಹಿಕ್ಕಿ ಬರೆದ ಟಿಪ್ಪುವಿನ ಮಕ್ಕಳ ರೇಖಾಚಿತ್ರಗಳೂ ಶ್ರೀರಂಗಪಟ್ಟಣದ ಪತನವನ್ನು ತೋರಿಸುವ ಇಂಗ್ಲಿಷ್ ಮುದ್ರಣಗಳೂ ಇವೆ. ಹೊರಗೋಡೆಯಲ್ಲಿ ಮೈಸೂರಿನ ಗೆಲುವು, ಒಳಗೆ ಮೈಸೂರಿನ ಸೋಲು. ಗಂಜಾಂಗೆ ಬಂದವರು ಸಾಮಾನ್ಯವಾಗಿ ನಿಮಿಷಾಂಬ, ಸಂಗಮ, ಗುಂಬಜ್ ಎಂದು ಒಂದೇ ಉಸಿರಿನಲ್ಲಿ ಸುತ್ತಿ, ದರಿಯಾ ದೌಲತ್ತಿಗೆ ಹತ್ತು ನಿಮಿಷ ಕೊಟ್ಟು ಹೊರಟುಬಿಡುತ್ತಾರೆ. ಪಶ್ಚಿಮದ ಗೋಡೆಯೊಂದಕ್ಕೇ ಅರ್ಧ ಗಂಟೆ ಬೇಕು. ಮೊದಲು ಅದನ್ನು ನೋಡಿ, ಒಳಗಿನ ಮುದ್ರಣಗಳನ್ನು ಆಮೇಲೆ ನೋಡಿ.