ಬುಟ್ಟಿಯಾಟ ಹೊತ್ತು ಹೊರಟ ವಿದ್ಯಾರ್ಥಿಗಳು

ಬ್ಯಾಸ್ಕೆಟ್‌ಬಾಲ್ ಆಡುವ ವಿದ್ಯಾರ್ಥಿ ಮಿತ್ರರೇ, ಈ ಆಟ ನಮ್ಮ ದೇಶಕ್ಕೆ ಬಂದದ್ದು ಹೇಗೆ ಎಂದು ಯೋಚಿಸಿದ್ದೀರಾ? ರೇಡಿಯೋ ಪ್ರಸಾರವೂ ಇಲ್ಲದ ಕಾಲವದು. ಆದರೂ ಹುಟ್ಟಿದ ಮೂರೇ ವರ್ಷಗಳಲ್ಲಿ ಈ ಆಟ ಭಾರತವನ್ನು ತಲುಪಿತು. ತಂದವನು ಅದರ ಮೊಟ್ಟಮೊದಲ ಪಂದ್ಯದಲ್ಲಿ ಆಡಿದ್ದ ಒಬ್ಬ ವಿದ್ಯಾರ್ಥಿ.

1891ರ ಚಳಿಗಾಲ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ 18 ವಿದ್ಯಾರ್ಥಿಗಳ ಒಂದು ತರಗತಿ ಒಳಾಂಗಣದ ಕವಾಯತಿನಿಂದ ಬೇಸತ್ತಿತ್ತು. ಅವರಿಗಾಗಿ ಹೊಸ ಆಟವೊಂದನ್ನು 14 ದಿನಗಳಲ್ಲಿ ರೂಪಿಸುವ ಹೊಣೆ ಅಧ್ಯಾಪಕ ಜೇಮ್ಸ್ ನೈಸ್ಮಿತ್ ಅವರ ಪಾಲಿಗೆ ಬಂತು.

ಅವರು ಪ್ರಯೋಗಶಾಲೆಯ ವಿಜ್ಞಾನಿಯಂತೆ ಯೋಚಿಸಿದರು. ಚೆಂಡು ಹಿಡಿದು ಓಡುವವನನ್ನು ಕೆಡವಲು ಹೋಗುವುದರಿಂದಲೇ ಪೆಟ್ಟಾಗುತ್ತದೆ. ಆದ್ದರಿಂದ ಓಡುವುದೇ ಬೇಡ. ಗುರಿ ಎದುರಿಗಿದ್ದರೆ ಚೆಂಡನ್ನು ಬಲವಾಗಿ ಬೀಸುತ್ತಾರೆ. ಆದ್ದರಿಂದ ಗುರಿ ತಲೆಯ ಮೇಲಿರಲಿ. ಆಗ ಚೆಂಡು ಕಮಾನಿನಂತೆ ಮೇಲೇರಿ ಇಳಿಯಬೇಕು. ಬಲಕ್ಕಿಂತ ನಿಖರತೆ ಮುಖ್ಯವಾಗುತ್ತದೆ. 10 ಅಡಿ ಎತ್ತರದಲ್ಲಿ ಹಣ್ಣಿನ ಬುಟ್ಟಿ ಕಟ್ಟಿ, 13 ನಿಯಮಗಳನ್ನು ಬರೆದು, ತಂಡಕ್ಕೆ 9 ಜನರಂತೆ ಆಡಿಸಿದರು. ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಒಂದು ಗೋಲು!

ಈ ಶಾಲೆಯಲ್ಲಿ ಕಲಿತವರು ದೇಶವಿದೇಶಗಳಿಗೆ ಕಾರ್ಯಕರ್ತರಾಗಿ ಹೋಗುತ್ತಿದ್ದರು. ಮೆಲ್ವಿನ್ ರೈಡೌಟ್ 1893ರಲ್ಲಿ ಪ್ಯಾರಿಸ್‌ನಲ್ಲಿ ಆಟ ಕಲಿಸಿದರು. ಮೊದಲ ಪಂದ್ಯದ ನಾಯಕರಲ್ಲೊಬ್ಬರಾದ ಡಂಕನ್ ಪ್ಯಾಟನ್ 1894ರಲ್ಲಿ ಅದನ್ನು ಭಾರತಕ್ಕೆ ತಂದರು. ಅಲ್ಲಿಯೇ ಓದಿದ ಜಪಾನಿನ ಹ್ಯೋಜೊ ಒಮೊರಿ 1908ರಲ್ಲಿ ತಾಯ್ನಾಡಿಗೆ ಒಯ್ದರು. ಮುಂದೆ ಅದೇ ಶಾಲೆಯ ಹ್ಯಾರಿ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ದಕ್ಷಿಣ ಭಾರತದ ಎಷ್ಟೋ ಶಾಲೆಗಳ ಡ್ರಿಲ್ ಮಾಸ್ತರರು ತಯಾರಾದದ್ದು ಅಲ್ಲಿ. ಕಲಿಸಲು ಬಂದವರ ಉದ್ದೇಶದಲ್ಲಿ ಧರ್ಮಪ್ರಚಾರವೂ ಇತ್ತು, ನಿಜ. ಆದರೆ ಕಲಿತವರು ಆಟವನ್ನು ತಮ್ಮದೇ ಆಗಿಸಿಕೊಂಡರು.

1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಸ್ಥಾನ ಸಿಕ್ಕಿತು. ನೈಸ್ಮಿತ್ ಅದನ್ನು ಕಣ್ಣಾರೆ ಕಂಡರು. ಅದೇ ಬರ್ಲಿನ್‌ನಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದ ತಂಡ ನಮ್ಮ ಕಬಡ್ಡಿಯನ್ನು ಪ್ರದರ್ಶಿಸಿತು. ಆದರೆ ಆಟ ಅಲ್ಲಿ ಬೇರೂರಲಿಲ್ಲ. ಕಬಡ್ಡಿಗೆ ಬುಟ್ಟಿಯೂ ಬೇಡ, ಚೆಂಡೂ ಬೇಡ. ಹಾಗಿದ್ದರೂ ಹೀಗೇಕಾಯಿತು? ತೋರಿಸುವುದು ಬೇರೆ, ಕಲಿಸುವುದು ಬೇರೆ. ಕಲಿಸುವವನು ಅಲ್ಲಿ ನೆಲೆ ನಿಲ್ಲಬೇಕು.

ಆ ಕೆಲಸ ನಡೆದದ್ದು ಬಹಳ ತಡವಾಗಿ. 1979ರಲ್ಲಿ ಸುಂದರ್ ರಾಮ್ ಎರಡು ತಿಂಗಳು ಜಪಾನಿನಲ್ಲಿ ಸಂಚರಿಸಿ ಕಬಡ್ಡಿ ಕಲಿಸಿದರು. 1990ರಲ್ಲಿ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿ ಪದಕದ ಆಟವಾಯಿತು. ಅಲ್ಲಿಂದ 2014ರವರೆಗೆ ಪುರುಷರ ಚಿನ್ನವೆಲ್ಲ ಭಾರತದ್ದೇ. 2018ರ ಜಕಾರ್ತಾ ಕೂಟದಲ್ಲಿ ಮಾತ್ರ ಇರಾನ್ ನಮ್ಮ ಪುರುಷರನ್ನು ಸೆಮಿಫೈನಲ್‌ನಲ್ಲಿ, ಮಹಿಳೆಯರನ್ನು ಫೈನಲ್‌ನಲ್ಲಿ ಸೋಲಿಸಿತು. ಇರಾನಿನ ಆ ಮಹಿಳಾ ತಂಡದ ತರಬೇತುದಾರರು ಭಾರತದವರೇ ಆದ ಶೈಲಜಾ ಜೈನ್!

ಇದನ್ನು ನಾಚಿಕೆಯೆಂದವರೂ ಉಂಟು. ಆದರೆ ಶಿಷ್ಯ ಗುರುವನ್ನು ಮೀರಿಸುವಷ್ಟು ಬೆಳೆದಾಗಲೇ ಕಲಿಕೆ ಪೂರ್ಣವಾಗುವುದು. ಸೋಲಿಸುವವರು ಇದ್ದರೆ ತಾನೇ ಅದು ಜಗತ್ತಿನ ಆಟ! 2023ರ ಹಾಂಗ್‌ಝೌ ಕೂಟದಲ್ಲಿ ಭಾರತ ಎರಡೂ ಚಿನ್ನಗಳನ್ನು ಮರಳಿ ಗೆದ್ದಿತು. ಆ ಗೆಲುವಿನ ತೂಕ ಹೆಚ್ಚಿದ್ದು ಎದುರಾಳಿಗಳು ಬಲಿತಿದ್ದರಿಂದ.

ನಾಳೆ ನಿಮ್ಮಲ್ಲಿ ಕೆಲವರು ಓದಿಗಾಗಿ ಹೊರದೇಶಗಳಿಗೆ ಹೋಗಬಹುದು. ಹೋಗುವಾಗ ಖೋ-ಖೋ, ಲಗೋರಿಯ ನಿಯಮಗಳನ್ನು ಒಂದೇ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದು ಜೊತೆಗೊಯ್ಯಿರಿ. ನೈಸ್ಮಿತ್‌ಗೆ ಬೇಕಾದದ್ದು 13 ನಿಯಮಗಳು, 18 ವಿದ್ಯಾರ್ಥಿಗಳು, ಅಷ್ಟೇ.