ಹಿತ್ತಲ ಗಿಡವಾದ ಎರ್ಲ್ಯಾಂಗ್

ಟೆಲಿಫೋನ್ ಎಕ್ಸ್‌ಚೇಂಜಿಗೆ ರಜೆಯಿಲ್ಲ. ಸಾವಿರಾರು ಮಂದಿ ಒಟ್ಟಿಗೇ ಮಾತಾಡುತ್ತಿರುತ್ತಾರೆ. ಒಬ್ಬರ ಕರೆ ಕೆಟ್ಟಿತೆಂದು ಪಕ್ಕದವರದು ಕಡಿಯಬಾರದು, ರಿಪೇರಿಗೆಂದು ಯಂತ್ರ ನಿಲ್ಲಿಸಲೂ ಆಗದು. ಸ್ವೀಡನ್ನಿನ ಎರಿಕ್ಸನ್ ಕಂಪನಿಯ ಪ್ರಯೋಗಾಲಯದಲ್ಲಿ ಜೋ ಆರ್ಮ್‌ಸ್ಟ್ರಾಂಗ್, ರಾಬರ್ಟ್ ವಿರ್ಡಿಂಗ್, ಮೈಕ್ ವಿಲಿಯಮ್ಸ್ ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ಇದ್ದ ಪ್ರೋಗ್ರಾಮಿಂಗ್ ಭಾಷೆಗಳು ಸಾಲವೆನಿಸಿ 1986ರಲ್ಲಿ ಅವರು ಹೊಸದೊಂದಕ್ಕೆ ಕೈಹಾಕಿದರು. ಮೊದಲ ರೂಪ ಪ್ರೊಲಾಗ್ ಭಾಷೆಯಲ್ಲಿ ಕಟ್ಟಿದ್ದು.

ಟೆಲಿಫೋನ್ ದಟ್ಟಣೆಯ ಲೆಕ್ಕಕ್ಕೆ ಗಣಿತದ ಬುನಾದಿ ಹಾಕಿದವರು ಡೆನ್ಮಾರ್ಕಿನ ಎ.ಕೆ. ಎರ್ಲ್ಯಾಂಗ್. ಅವರ ಹೆಸರೇ ಭಾಷೆಗೂ ಬಂತು. ಬೇಕಿದ್ದವರು ಅದನ್ನು ‘ಎರಿಕ್ಸನ್ ಲ್ಯಾಂಗ್ವೇಜ್’ ಎಂದೂ ಬಿಡಿಸಿಕೊಳ್ಳಬಹುದಿತ್ತು.

ಭಾಷೆಯ ಗುಟ್ಟು ಸರಳ. ಒಂದೊಂದು ಕರೆಗೂ ಒಂದೊಂದು ಪುಟ್ಟ ಪ್ರೊಸೆಸ್. ಒಂದರ ಮೆಮೊರಿಯನ್ನು ಇನ್ನೊಂದು ಮುಟ್ಟುವುದಿಲ್ಲ. ವ್ಯವಹಾರವೆಲ್ಲ ಸಂದೇಶಗಳ ಮೂಲಕ. ಯಾವುದಾದರೂ ಸತ್ತರೆ ಅದರ ಮೇಲೆ ಕಣ್ಣಿಟ್ಟಿರುವ ಮೇಲ್ವಿಚಾರಕ ಪ್ರೊಸೆಸ್ ಹೊಸದನ್ನು ಎಬ್ಬಿಸುತ್ತದೆ. ಯಂತ್ರ ಓಡುತ್ತಿರುವಾಗಲೇ ಕೋಡ್ ಬದಲಿಸಲೂಬಹುದು.

1995ರಲ್ಲಿ ಎರಿಕ್ಸನ್‌ನ ಎಎಕ್ಸ್‌ಇ-ಎನ್ ಎಂಬ ಭಾರೀ ಯೋಜನೆ ಕುಸಿದು ಬಿತ್ತು. ಅದರ ಜಾಗದಲ್ಲಿ ಶುರುವಾದ ಕೆಲಸಕ್ಕೆ ಎರ್ಲ್ಯಾಂಗ್ ಆಯ್ಕೆಯಾಯಿತು. 1998ರಲ್ಲಿ ಎಎಕ್ಸ್‌ಡಿ301 ಸ್ವಿಚ್ ಹೊರಬಂತು. ಅದರ ಎರ್ಲ್ಯಾಂಗ್ ಕೋಡ್ ಹತ್ತು ಲಕ್ಷ ಸಾಲು ದಾಟಿತು.

ಗೆದ್ದ ವರ್ಷವೇ ಏಟೂ ಬಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ಎರಿಕ್ಸನ್‌ನದೇ ರೇಡಿಯೊ ವಿಭಾಗ ಹೊಸ ಉತ್ಪನ್ನಗಳಲ್ಲಿ ಎರ್ಲ್ಯಾಂಗ್ ಬಳಸಕೂಡದೆಂದು ಫರ್ಮಾನು ಹೊರಡಿಸಿತು. ಜಗತ್ತೆಲ್ಲ ಬಳಸುವ ಭಾಷೆಗಳಿರುವಾಗ ಮನೆಯಲ್ಲೊಂದನ್ನು ಸಾಕುವುದೇಕೆ ಎಂಬುದು ವಾದ. ಅದೇ ಡಿಸೆಂಬರಿನಲ್ಲಿ ಭಾಷೆ ಓಪನ್ ಸೋರ್ಸ್ ಆಯಿತು. ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಕೆಲಸ ಬಿಟ್ಟು ಬ್ಲೂಟೇಲ್ ಕಂಪನಿ ಕಟ್ಟಿದರು. ಎರಡೇ ವರ್ಷದಲ್ಲಿ, 2000ದಲ್ಲಿ, ಅಮೆರಿಕದ ಆಲ್ಟಿಯಾನ್ ವೆಬ್‌ಸಿಸ್ಟಮ್ಸ್ ಅದನ್ನು 15.2 ಕೋಟಿ ಡಾಲರಿಗೆ ಕೊಂಡಿತು.

ಆದರೆ ಭಾಷೆಗೆ ದೊಡ್ಡ ಗಿರಾಕಿ ಸಿಕ್ಕಿದ್ದು ಆಮೇಲೆ. 2009ರಲ್ಲಿ ಹುಟ್ಟಿದ ವಾಟ್ಸ್ಆ್ಯಪ್ ತನ್ನ ಸರ್ವರುಗಳಿಗೆ ಎರ್ಲ್ಯಾಂಗನ್ನು ನೆಚ್ಚಿಕೊಂಡಿತು. ಕೋಟ್ಯಂತರ ಜನರ ಹರಟೆಯನ್ನು ಕಡಿಯದಂತೆ ಸಾಗಿಸುವ ಕೆಲಸ ಎಕ್ಸ್‌ಚೇಂಜಿನದಕ್ಕಿಂತ ಬೇರೆಯೇನಲ್ಲ. 2012ರ ಹೊತ್ತಿಗೆ ಒಂದೇ ಸರ್ವರ್ 20 ಲಕ್ಷ ಸಂಪರ್ಕಗಳನ್ನು ನಿಭಾಯಿಸುತ್ತಿತ್ತು. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರಿಗೆ ಕೊಳ್ಳಲು ಬಂದಾಗ ಬಳಕೆದಾರರು ಸುಮಾರು 45 ಕೋಟಿ. ಎಂಜಿನಿಯರುಗಳು ಕೆಲವೇ ಡಜನ್.

ಅಷ್ಟರಲ್ಲಾಗಲೇ ಎರಿಕ್ಸನ್ ಮನಸ್ಸು ಬದಲಿಸಿತ್ತು. 2004ರಲ್ಲಿ ಆರ್ಮ್‌ಸ್ಟ್ರಾಂಗ್ ಅಲ್ಲಿಗೇ ಮರಳಿದ್ದರು. ಎರ್ಲ್ಯಾಂಗಿನ ಹೊಸ ಆವೃತ್ತಿಗಳನ್ನು ಹೊರತರುವ ಮುಖ್ಯ ತಂಡ ಇಂದಿಗೂ ಎರಿಕ್ಸನ್‌ನದ್ದೇ.