ಎರಡನೇ ಪ್ರಾಶಸ್ತ್ಯದ ಮತ ಮತ್ತು ನಮ್ಮ ನಿಜಲಿಂಗಪ್ಪನವರು

ರಾಷ್ಟ್ರಪತಿ ಚುನಾವಣೆ ಅಂದ್ರೆ ನಮ್ಮ ವಿಜಾಪುರದ ಕಡೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳೋದಿಲ್ಲ. (ಊರಿನ ಹೆಸರು 2014ರಲ್ಲೇ ವಿಜಯಪುರ ಆಗಿದೆ, ಬಾಯಿಗೆ ಮಾತ್ರ ಇನ್ನೂ ವಿಜಾಪುರವೇ ಬರುತ್ತೆ.) ಓಟು ನಮ್ಮದಲ್ಲ, ಎಂ.ಎಲ್.ಎ. ಮತ್ತು ಎಂ.ಪಿ.ಗಳದ್ದು. ವಿಜಯಪುರ ನಗರದ ಶಾಸಕರ ಮತಕ್ಕೆ 131ರ ಬೆಲೆ, ಬಬಲೇಶ್ವರದ ಶಾಸಕರ ಮತಕ್ಕೂ ಅಷ್ಟೇ. ತಿಕೋಟಾಕ್ಕೂ 2008ರವರೆಗೆ ಒಂದು ಪ್ರತ್ಯೇಕ ಮತ ಇತ್ತು, ಕ್ಷೇತ್ರ ಮರುವಿಂಗಡಣೆಯಾದ ಮೇಲೆ ಅದು ಬಬಲೇಶ್ವರದೊಳಗೆ ಸೇರಿಹೋಯಿತು. ಈ 131 ಅನ್ನೋದು ಎಲ್ಲಿಂದ ಬಂತು ಅಂತೀರಾ? 1971ರ ಜನಗಣತಿಯ ರಾಜ್ಯದ ಜನಸಂಖ್ಯೆಯನ್ನು 224 ಶಾಸಕರಿಗೆ ಹಂಚಿ, ಬಂದದ್ದನ್ನು ಸಾವಿರದಿಂದ ಭಾಗಿಸಿದ್ದು.

ಇದರಲ್ಲಿ ಎರಡು ವಿಶೇಷಗಳಿವೆ. ಒಂದು, ಇಲ್ಲಿ ವಿಪ್ ನಡೆಯೋದಿಲ್ಲ, ಮತ ಗುಪ್ತ. ಯಾರು ಪಕ್ಷದ ಗೆರೆ ದಾಟಿದರು ಅಂತ ಹೆಸರು ಹಿಡಿದು ಹೇಳೋಕೆ ಆಗೋದಿಲ್ಲ. ಇನ್ನೊಂದು, ಪ್ರಾಶಸ್ತ್ಯದ ಮತ. ನಮ್ಮ ವಾಯವ್ಯ ಪದವೀಧರ ಕ್ಷೇತ್ರದಲ್ಲಿ ಓಟು ಹಾಕಿದವರಿಗೆ ಇದು ಗೊತ್ತಿರುತ್ತೆ, ಹೆಸರಿನ ಮುಂದೆ 1, 2, 3 ಅಂತ ಬರೀಬೇಕು. ಈ '2' ಅನ್ನೋ ಅಂಕಿಗೇ 1969ರಲ್ಲಿ ಕಾಂಗ್ರೆಸ್ ಎರಡು ಹೋಳಾಯಿತು. ಅದರ ನಡುವೆ ಸಿಕ್ಕಿಕೊಂಡವರು ನಮ್ಮವರೇ ಆದ ಎಸ್. ನಿಜಲಿಂಗಪ್ಪ.

ಅವರು ಚಿತ್ರದುರ್ಗದವರು ಅಂತ ಎಲ್ಲರಿಗೂ ಗೊತ್ತು. ಆದರೆ 1962ರಲ್ಲಿ ಹೊಸದುರ್ಗದಲ್ಲಿ ಸೋತಾಗ ಕೈಹಿಡಿದದ್ದು ಬಾಗಲಕೋಟೆ, ಆಗ ಅದು ವಿಜಾಪುರ ಜಿಲ್ಲೆಯಲ್ಲೇ ಇತ್ತು. ಅಲ್ಲಿಂದ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದಾಗಲೂ ಮುಖ್ಯಮಂತ್ರಿ ಇವರೇ. 1968ರಲ್ಲಿ ಆ ಕುರ್ಚಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟು ಕಾಂಗ್ರೆಸ್ ಅಧ್ಯಕ್ಷರಾಗಿ ದಿಲ್ಲಿಗೆ ಹೋದರು.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಹಿರಿಯರು (ಪತ್ರಿಕೆಗಳು 'ಸಿಂಡಿಕೇಟ್' ಅಂತ ಕರೀತಿದ್ದವಲ್ಲ, ಅವರೇ) ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿದರು. ಇಂದಿರಾ ಗಾಂಧಿಗೆ ಇದು ಬೇಡವಾಗಿತ್ತು. ಕೆಲವೇ ದಿನಗಳಲ್ಲಿ ಮೊರಾರ್ಜಿ ದೇಸಾಯಿಯವರ ಕೈಯಿಂದ ಹಣಕಾಸು ಖಾತೆ ಹೋಯಿತು, ಜುಲೈ 19ಕ್ಕೆ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಉಪರಾಷ್ಟ್ರಪತಿ ವಿ.ವಿ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು.

ಬಲಪಂಥದ ಪಕ್ಷಗಳಾದ ಜನಸಂಘ ಮತ್ತು ಸ್ವತಂತ್ರ ಪಕ್ಷಕ್ಕೆ ಬೇರೆಯೇ ಅಭ್ಯರ್ಥಿ ಇದ್ದರು, ಸಿ.ಡಿ. ದೇಶಮುಖ್. ನಿಜಲಿಂಗಪ್ಪನವರು ಆ ಪಕ್ಷಗಳ ಮುಖಂಡರನ್ನು ಕಂಡು, ನಿಮ್ಮ ಎರಡನೇ ಮತವನ್ನಾದರೂ ರೆಡ್ಡಿಯವರಿಗೆ ಕೊಡಿ ಅಂತ ಕೇಳಿದರು. ಲೆಕ್ಕದ ಪ್ರಕಾರ ಇದರಲ್ಲಿ ತಪ್ಪೇನೂ ಕಾಣೋದಿಲ್ಲ, ಪ್ರಾಶಸ್ತ್ಯದ ಚುನಾವಣೆಯಲ್ಲಿ ಎರಡನೇ ಮತ ಕೇಳದೆ ಇನ್ನೇನು ಕೇಳಬೇಕು? ಆದರೆ ಇಂದಿರಾ ಕಡೆಯವರಿಗೆ ಬೇಕಾದ ಅಸ್ತ್ರ ಸಿಕ್ಕಿತು. ಜಗಜೀವನ್ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಪತ್ರ ಬರೆದು ವಿವರಣೆ ಕೇಳಿದರು. ಆಮೇಲೆ ಬಂತು ನೋಡಿ 'ಆತ್ಮಸಾಕ್ಷಿಯ ಮತ'. ಪಕ್ಷದ ಅಭ್ಯರ್ಥಿಗೇ ಹಾಕಬೇಕಿಲ್ಲ, ಮನಸ್ಸಿಗೆ ಬಂದವರಿಗೆ ಹಾಕಿ ಅಂತ.

ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548, ದೇಶಮುಖ್ 1,12,769. ಗೆಲ್ಲೋಕೆ ಬೇಕಾದದ್ದು 4,18,169. ಯಾರಿಗೂ ಅಷ್ಟಿಲ್ಲ! ಎರಡನೇ ಪ್ರಾಶಸ್ತ್ಯ ಎಣಿಸಿದಾಗ ರೆಡ್ಡಿಯವರಿಗೆ ಹೆಚ್ಚುವರಿಯಾಗಿ 91,879 ಬಂದವು. ಅಂದರೆ ನಿಜಲಿಂಗಪ್ಪನವರ ಮಾತು ನಡೆದಿತ್ತು, ಬಲಪಂಥದವರು ಗೆರೆ ದಾಟಿ ಕಾಂಗ್ರೆಸ್ ಅಭ್ಯರ್ಥಿಗೆ ದಂಡಿಯಾಗಿ ಮತ ಕೊಟ್ಟಿದ್ದರು. ಗಿರಿಗೆ ಸಿಕ್ಕಿದ್ದು ಬರೀ 18,562. ಆದರೆ ಅಷ್ಟೇ ಸಾಕಾಯಿತು, 4,20,077ಕ್ಕೆ ಮುಟ್ಟಿ 1,908ರ ಅಂತರದಲ್ಲಿ ಗಡಿ ದಾಟಿದರು. ಹೊರಗಿನವರು ಬಂದು ಕೈ ಹಿಡಿದರು, ಮನೆಯವರೇ ಕೈ ಬಿಟ್ಟರು.

ನವೆಂಬರ್ 12ಕ್ಕೆ ನಿಜಲಿಂಗಪ್ಪನವರ ಕಾಂಗ್ರೆಸ್ ಪ್ರಧಾನಿಯನ್ನೇ ಉಚ್ಚಾಟನೆ ಮಾಡಿತು. 1971ರ ಲೋಕಸಭೆಯಲ್ಲಿ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನವೂ ಇಂದಿರಾ ಪಾಲಾದವು, ವೀರೇಂದ್ರ ಪಾಟೀಲರ ಸರಕಾರವೂ ಬಿತ್ತು. ನನಗನ್ನಿಸೋದು, ನಿಜಲಿಂಗಪ್ಪನವರು ಲೆಕ್ಕದಲ್ಲಿ ಸರಿಯಿದ್ದರು, ಕಾಲದ ಅಂದಾಜಿನಲ್ಲಿ ಎಡವಿದರು. ಬ್ಯಾಂಕ್ ರಾಷ್ಟ್ರೀಕರಣದ ಬಿಸಿಯಲ್ಲಿ ಜನಸಂಘದ ಬಾಗಿಲು ತಟ್ಟಿದವರನ್ನು ಯಾರು ನಂಬ್ತಾರೆ?

ಇದೇ ಆಟ ಉಲ್ಟಾ ಆಗಿ ವಿಧಾನಸೌಧದಲ್ಲಿ ನಡೆದದ್ದು 2012ರ ಜುಲೈ 19ರಂದು. ಪ್ರಣಬ್ ಮುಖರ್ಜಿ ವಿರುದ್ಧ ಪಿ.ಎ. ಸಂಗ್ಮಾ, ಸಂಗ್ಮಾಗೆ ಬಿಜೆಪಿ ಬೆಂಬಲ. ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿ ಒಂದು ವಾರ ಆಗಿತ್ತಷ್ಟೇ. ಆಗ ವಿಜಾಪುರ ನಗರದಲ್ಲಿ ಬಿಜೆಪಿ ಶಾಸಕರು, ಬಬಲೇಶ್ವರದಲ್ಲಿ ಕಾಂಗ್ರೆಸ್ಸಿನ ಎಂ.ಬಿ. ಪಾಟೀಲರು. ರಾಜ್ಯ ಆಳೋಕೆ 113 ಬೇಕು, ಆಳುತ್ತಿದ್ದದ್ದು ಬಿಜೆಪಿ, ಆದರೆ ಸಂಗ್ಮಾಗೆ ಬಿದ್ದದ್ದು 103! ಪ್ರಣಬ್‌ಗೆ 117. ಜೆಡಿಎಸ್ ಬಹಿರಂಗವಾಗಿಯೇ ಪ್ರಣಬ್ ಕಡೆ ಇತ್ತು, ಆದರೂ ಲೆಕ್ಕ ಕೂಡಿಸಿದರೆ ಬಿಜೆಪಿಯಿಂದ ಹತ್ತಕ್ಕೂ ಮೀರಿ ಆಚೆ ದಾಟಿದ್ದು ಗೊತ್ತಾಗುತ್ತೆ. ಯಾರು ಯಾರು ಅನ್ನೋದು ಮತಪೆಟ್ಟಿಗೆಗೇ ಗೊತ್ತು. ಮನೆಯೊಳಗೆ ಜಗಳ ಇದೆ ಅನ್ನೋದು ಮಾತ್ರ ಊರಿಗೆಲ್ಲ ಗೊತ್ತಾಯಿತು. ಅದೇ ವರ್ಷದ ಕೊನೆಗೆ ಯಡಿಯೂರಪ್ಪ ಪಕ್ಷ ಬಿಟ್ಟು ಕೆಜೆಪಿ ಕಟ್ಟಿದರು, 2013ರಲ್ಲಿ ಬಿಜೆಪಿ 40ಕ್ಕೆ ಇಳಿಯಿತು.

ಅಂದ ಹಾಗೆ, ಸೋತ ಸಂಜೀವ ರೆಡ್ಡಿಯವರ ಕಥೆ ಅಲ್ಲಿಗೇ ಮುಗಿಯಲಿಲ್ಲ. 1977ರಲ್ಲಿ ಜನತಾ ಪಕ್ಷ ಬಂತು. 1969ರಲ್ಲಿ ಎರಡನೇ ಮತ ಕೇಳಿದವರು ಮತ್ತು ಕೊಟ್ಟವರು ಈಗ ಒಂದೇ ಪಕ್ಷದಲ್ಲಿದ್ದರು :-) ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಜುಲೈ 25ರಂದು ಅವರಿಗೆ ಕುರ್ಚಿ ಬಿಟ್ಟುಕೊಟ್ಟ ಹಂಗಾಮಿ ರಾಷ್ಟ್ರಪತಿ ಯಾರು ಗೊತ್ತಾ? ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಹುಟ್ಟಿ, ವಿಜಾಪುರದ ಸರಕಾರಿ ಹೈಸ್ಕೂಲಿನಲ್ಲಿ ಓದಿದ ಬಿ.ಡಿ. ಜತ್ತಿ.